ಫೆಬ್ರುವರಿ 14 ಭಗತ್ ಸಿಂಗ್ ಗಲ್ಲಿಗೇರಿದ ದಿನವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಪ್ರೇಮಿಗಳ ದಿನ ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ. ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಿದ್ದು ಇದೇ ದಿನ, ಗುಲಾಬಿ ಕೊಡುವವರಿಗೆ ನಾಚಿಕೆಯಾಗಬೇಕು ಎಂಬುದು ಅದರ ಸಾರ. ಗಲ್ಲು ಶಿಕ್ಷೆ ಪ್ರಕಟವಾದ ದಿನ ಇದು ಎಂದು ಹೇಳುವ ಮೆಸೇಜ್‌ಗಳೂ ಇವೆ. ಎರಡೂ ಸುಳ್ಳು. ಹಾಗಾದರೆ ನಿಜವೇನು? ನೋಡೋಣ.

ಭಗತ್ ಸಿಂಗ್ ಹುಟ್ಟಿದ್ದು 1907ರ ಸೆಪ್ಟೆಂಬರ್‌ನಲ್ಲಿ, ಈಗ ಪಾಕಿಸ್ತಾನದಲ್ಲಿರುವ ಬಂಗಾ ಎಂಬ ಹಳ್ಳಿಯಲ್ಲಿ. ಓದಿದ್ದು ಲಾಹೋರ್‌ನ ನ್ಯಾಷನಲ್ ಕಾಲೇಜಿನಲ್ಲಿ. ಮನೆಯವರು ಮದುವೆಗೆ ಒತ್ತಾಯಿಸಿದಾಗ, ತನ್ನ ಬದುಕು ದೇಶಕ್ಕೆ ಮೀಸಲು ಎಂದು ಮನೆ ಬಿಟ್ಟು ಕಾನ್ಪುರಕ್ಕೆ ಹೋದರು. ಲಾಲಾ ಲಜಪತ್ ರಾಯ್ ಅವರ ಸಾವಿಗೆ ಸೇಡಾಗಿ 1928ರ ಡಿಸೆಂಬರ್ 17ರಂದು ಲಾಹೋರ್‌ನಲ್ಲಿ ನಡೆದ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಲ್ಲಿ ಅವರು ಭಾಗಿಯಾಗಿದ್ದರು. 1929ರ ಏಪ್ರಿಲ್ 8ರಂದು ಬಟುಕೇಶ್ವರ ದತ್ತರ ಜೊತೆ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದು, ಓಡಿಹೋಗದೆ ಅಲ್ಲೇ ನಿಂತು ಸೆರೆಯಾದರು.

ಸಾಂಡರ್ಸ್ ಪ್ರಕರಣದಲ್ಲಿ ಮೂವರಿಗೂ ಗಲ್ಲು ಶಿಕ್ಷೆ ಪ್ರಕಟವಾದದ್ದು 1930ರ ಅಕ್ಟೋಬರ್ 7ರಂದು. ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರ ಸಂಜೆ, ಲಾಹೋರ್ ಸೆಂಟ್ರಲ್ ಜೈಲಿನಲ್ಲಿ. ಆಗ ಭಗತ್ ಸಿಂಗ್ ಅವರಿಗೆ ಬರೀ 23 ವರ್ಷ.

ಹಾಗಿದ್ದರೆ ಫೆಬ್ರುವರಿ 14ರಂದು ಏನೂ ನಡೆಯಲಿಲ್ಲವೇ? ನಡೆಯಿತು. 1931ರ ಆ ದಿನ ಮದನ ಮೋಹನ ಮಾಳವೀಯರು ವೈಸ್‌ರಾಯ್ ಇರ್ವಿನ್‌ಗೆ ಕ್ಷಮಾದಾನದ ಮನವಿ ಸಲ್ಲಿಸಿದರು. ಅಂದರೆ ಅಂದು ಮೂವರೂ ಬದುಕಿದ್ದರು. ಅವರನ್ನು ಉಳಿಸಿಕೊಳ್ಳುವ ಪ್ರಯತ್ನ ನಡೆದಿತ್ತು.

ಇನ್ನೊಂದು ಸಂಗತಿ ಫಾರ್ವರ್ಡ್‌ನಲ್ಲಿ ಬರುವುದೇ ಇಲ್ಲ. ಶಾಸನಸಭೆಗೆ ಹೋಗುವ ಮುನ್ನ ಭಗತ್ ಸಿಂಗ್ ಗೆಳೆಯ ಸುಖದೇವ್‌ಗೆ ಒಂದು ಪತ್ರ ಬರೆದರು. ಅದರ ಮುಖ್ಯ ವಿಷಯ ಪ್ರೀತಿ. ನಿಜವಾದ ಪ್ರೀತಿ ಮನುಷ್ಯನನ್ನು ಕೆಳಗೆ ತಳ್ಳುವುದಿಲ್ಲ, ಮೇಲೆತ್ತುತ್ತದೆ ಎಂದು ವಾದಿಸಿ, ಇಟಲಿಯ ಹೋರಾಟಗಾರ ಮ್ಯಾಝಿನಿಯ ಉದಾಹರಣೆ ಕೊಟ್ಟರು. ಸುಖದೇವ್ ಸೆರೆಯಾದಾಗ ಆ ಪತ್ರ ಪೊಲೀಸರ ಕೈಸೇರಿತು. ಮದುವೆ ಬೇಡವೆಂದ ಮನುಷ್ಯ ಪ್ರೀತಿಯನ್ನು ಹೀನವಾಗಿ ಕಾಣಲಿಲ್ಲ. ಪ್ರೀತಿಸುವವರನ್ನು ಬೈಯಲು ಅವರ ಹೆಸರನ್ನೇ ಬಳಸುವುದು ಸರಿಯೇ?

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಗೂ ಪ್ರೀತಿಯ ಹಬ್ಬ ಹೊಸದಲ್ಲ. ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸಿ, ಕಟ್ಟಿಗೆ-ಕುಳ್ಳು ಕೂಡಿಸಿ ಸುಡುವ ಕಾಮಣ್ಣ ಪ್ರೀತಿಯ ದೇವರೇ. ಪಕ್ಕದ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನಿಗೆ ಜನ ಹರಕೆ ಹೊರುತ್ತಾರೆ. ಹಾಗೆಯೇ ಹುತಾತ್ಮರೂ ನಮಗೆ ಹೊಸಬರಲ್ಲ. ನರಗುಂದದ ಬಾಬಾಸಾಹೇಬರನ್ನು ಬ್ರಿಟಿಷರು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್ 12ರಂದು. ಯಾರನ್ನೋ ಬೈಯುವ ಸಲುವಾಗಿ ಆ ತಾರೀಖನ್ನು ಬದಲಿಸಿದರೆ ನಾವು ಒಪ್ಪುತ್ತೇವೆಯೇ?

ಪ್ರೇಮಿಗಳ ದಿನ ಇಷ್ಟವಿಲ್ಲದವರು ಆಚರಿಸಬೇಕಿಲ್ಲ. ಆದರೆ ತಪ್ಪು ತಾರೀಖು ಹರಡಿದರೆ ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ, ಮಾರ್ಚ್ 23 ಮರೆತುಹೋಗುತ್ತದೆ. ಈ ಸಲ ಆ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಸರಿಯಾದ ತಾರೀಖು ತಿಳಿಸಿ.