ಡಾಕ್ಟರ್ ಶಂಭುನಾಥ ಡೇ

ಒಂದು ಕಾಲದಲ್ಲಿ ಕಾಲರಾ ಎಂಬ ಹೆಸರು ಕೇಳಿದರೆ ಊರಿಗೆ ಊರೇ ನಡುಗುತ್ತಿತ್ತು. ಬೆಳಿಗ್ಗೆ ಹೊಲದಲ್ಲಿ ದುಡಿದವನು ವಾಂತಿಭೇದಿಗೆ ಸಿಕ್ಕಿ ಸಂಜೆಯೊಳಗೆ ಸಾಯುವುದೂ ಉಂಟಾಗಿತ್ತು. ಜನ ಕಲೆತಲ್ಲಿ, ನೀರು ಕೆಟ್ಟಲ್ಲಿ ಅದು ಹಬ್ಬುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಢರಪುರದ ಯಾತ್ರೆಯ ಸಮಯದಲ್ಲಿ ಈ ರೋಗ ಮತ್ತೆ ಮತ್ತೆ ಕಾಣಿಸಿಕೊಂಡಿತು. ಐಗಳಿ, ಅಥಣಿಗಳ ಕಡೆಯಿಂದ ವಿಠ್ಠಲನ ದರ್ಶನಕ್ಕೆ ನಡೆದುಹೋಗುವವರಿಗೆ ಹಾದಿಯ ಆಯಾಸಕ್ಕಿಂತ ಇಂತಹ ರೋಗಗಳ ಭಯವೇ ಆಗ ದೊಡ್ಡದಾಗಿತ್ತು. ಈ ಮಾರಿಯ ಗುಟ್ಟನ್ನು ಬಯಲಿಗೆ ತಂದವರು ಭಾರತೀಯ ವೈದ್ಯವಿಜ್ಞಾನಿ ಶಂಭುನಾಥ ಡೇ.

ಶಂಭುನಾಥರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆಯದು ಸಣ್ಣ ವ್ಯಾಪಾರ, ಮನೆಯಲ್ಲಿ ಬಡತನ. ವಿದ್ಯಾರ್ಥಿವೇತನದ ನೆರವಿನಿಂದ ಓದು ಮುಂದುವರಿಸಿ, 1939ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನಿಂದ ವೈದ್ಯರಾಗಿ ಹೊರಬಂದರು. ಮುಂದೆ ಲಂಡನ್ನಿಗೆ ಹೋಗಿ, ಪ್ರಸಿದ್ಧ ರೋಗಶಾಸ್ತ್ರಜ್ಞ ರಾಯ್ ಕ್ಯಾಮರನ್ ಅವರ ಬಳಿ ಸಂಶೋಧನೆ ನಡೆಸಿ, 1949ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. ಅದೇ ವರ್ಷ ತಾಯ್ನಾಡಿಗೆ ಮರಳಿ, ಕಲ್ಕತ್ತೆಯ ಆಸ್ಪತ್ರೆಗಳನ್ನು ತುಂಬುತ್ತಿದ್ದ ಕಾಲರಾ ರೋಗವನ್ನೇ ತಮ್ಮ ಅಭ್ಯಾಸದ ವಿಷಯವನ್ನಾಗಿ ಆರಿಸಿಕೊಂಡರು.

ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿಯೇ ಕಾಲರಾ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದರು. ಆ ಅಣು ಒಂದು ವಿಷವನ್ನು ಸ್ರವಿಸುತ್ತಿರಬೇಕೆಂದು ಅವರು ಊಹಿಸಿದ್ದರು. ಆದರೆ ಎಪ್ಪತ್ತು ವರ್ಷ ಕಳೆದರೂ ಆ ವಿಷವನ್ನು ಯಾರೂ ಸಿದ್ಧಪಡಿಸಿ ತೋರಿಸಿರಲಿಲ್ಲ. ಅನೇಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ಚುಚ್ಚಿ ಪರೀಕ್ಷಿಸುತ್ತಿದ್ದರು. ರೋಗ ನೆಲೆಸುವುದು ಕರುಳಿನೊಳಗೆ. ಆದುದರಿಂದ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕೆಂಬುದು ಡೇ ಅವರ ಸರಳವಾದ ವಿಚಾರ. ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು, ಅದರ ರಕ್ತಸಂಚಾರಕ್ಕೆ ಅಡ್ಡಿಯಾಗದಂತೆ, ಎರಡು ಕಡೆ ದಾರದಿಂದ ಕಟ್ಟಿ, ನಡುವೆ ರೋಗಾಣುಗಳನ್ನು ಸೇರಿಸಿದರು. ಮರುದಿನ ನೋಡಿದಾಗ ಆ ಭಾಗ ನೀರು ತುಂಬಿ ಉಬ್ಬಿಕೊಂಡಿತ್ತು. ಈ ಪ್ರಯೋಗವನ್ನು 1953ರಲ್ಲಿ ಚಟರ್ಜಿ ಎಂಬ ಸಹೋದ್ಯೋಗಿಯೊಡನೆ ಪ್ರಕಟಿಸಿದರು.

ಅನಂತರ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ಅಣುವೂ ಉಳಿಯದಂತೆ ಮಾಡಿ, ಅದನ್ನೇ ಕರುಳಿಗೆ ಹಾಕಿದರು. ಆಗಲೂ ಕರುಳು ಉಬ್ಬಿತು. ಅಣುವಿಲ್ಲದೆಯೇ ರೋಗದ ಲಕ್ಷಣ ಉಂಟಾಯಿತೆಂದ ಮೇಲೆ ಅದಕ್ಕೆ ಕಾರಣ ಅಣು ಹೊರಸೂಸಿದ ವಿಷವೇ ಎಂಬುದು ಸಿದ್ಧವಾಯಿತು. ಈ ಫಲಿತಾಂಶ 1959ರ ಮೇ 30ರ ‘ನೇಚರ್’ ಪತ್ರಿಕೆಯಲ್ಲಿ ಎರಡೇ ಪುಟಗಳ ಲೇಖನವಾಗಿ ಹೊರಬಂದಿತು. ಆ ವಿಷವು ಶರೀರದ ನೀರನ್ನೂ ಲವಣಗಳನ್ನೂ ಕರುಳಿನ ದಾರಿಯಿಂದ ಹೊರಚೆಲ್ಲಿಸುತ್ತದೆ. ರೋಗಿ ಸಾಯುವುದು ಅದರಿಂದ. ಕಳೆದುಹೋದ ನೀರನ್ನೂ ಲವಣವನ್ನೂ ತುಂಬಿಕೊಟ್ಟರೆ ರೋಗಿ ಬದುಕುತ್ತಾನೆ ಎಂಬ ಚಿಕಿತ್ಸಾಕ್ರಮಕ್ಕೆ ಇತರರ ಶೋಧಗಳೊಡನೆ ಈ ತಿಳಿವೂ ಬಲ ನೀಡಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಸಕ್ಕರೆ ಮತ್ತು ಉಪ್ಪು ಬೆರೆತ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ವಿಜ್ಞಾನ ಲೋಕದಲ್ಲಿ ಒಂದು ಪದ್ಧತಿಯುಂಟು. ಒಬ್ಬರ ಶೋಧವನ್ನು ಆಧರಿಸಿ ಬರೆಯುವವರು ತಮ್ಮ ಲೇಖನದಲ್ಲಿ ಅದನ್ನು ಹೆಸರಿಸುತ್ತಾರೆ. ಇದನ್ನು ಉಲ್ಲೇಖವೆನ್ನುತ್ತಾರೆ. ಉಲ್ಲೇಖಗಳನ್ನು ಎಣಿಸಿದರೆ ಒಂದು ಲೇಖನ ಎಷ್ಟು ಜನರಿಗೆ ದಾರಿ ತೋರಿತೆಂಬುದು ತಿಳಿಯುತ್ತದೆ. ಡೇ ಅವರ 1959ರ ಲೇಖನವನ್ನು ಮೊದಲ ಕೆಲವು ವರ್ಷ ಹೆಚ್ಚಿನವರು ಗಮನಿಸಲಿಲ್ಲ. 1961ರಲ್ಲಿ ಕಾಲರಾ ಮತ್ತೆ ದೇಶದಿಂದ ದೇಶಕ್ಕೆ ಹರಡತೊಡಗಿದಾಗ ವಿಜ್ಞಾನಿಗಳ ಗಮನ ಈ ರೋಗದ ಕಡೆಗೆ ಹೊರಳಿತು. ಡೇ ಅವರ ಲೇಖನಗಳು ಕ್ರಮೇಣ ಆಧಾರಗ್ರಂಥಗಳಂತಾದವು. 1969ರಲ್ಲಿ ಅಮೆರಿಕದ ಫಿಂಕಲ್‌ಸ್ಟೈನ್ ಮತ್ತು ಅವರ ಸಂಗಡಿಗರು ಆ ವಿಷವನ್ನು ಶುದ್ಧರೂಪದಲ್ಲಿ ಪಡೆದರು.

1973ರಲ್ಲಿ ನಿವೃತ್ತರಾದ ಬಳಿಕವೂ ಡೇ ಅವರು ಪ್ರಯೋಗಶಾಲೆಯನ್ನು ಬಿಡಲಿಲ್ಲ. 1978ರಲ್ಲಿ ಸ್ವೀಡನ್ನಿನಲ್ಲಿ ನಡೆದ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂದಿತು. ಆದರೆ ತಾಯ್ನಾಡಿನಲ್ಲಿ ಅವರಿಗೆ ತಕ್ಕ ಗೌರವ ದೊರೆಯಲಿಲ್ಲ. 1985ರ ಏಪ್ರಿಲ್ 15ರಂದು ಅವರು ಸದ್ದಿಲ್ಲದೆ ಕಣ್ಮರೆಯಾದರು. ಮರುವರ್ಷ, ಉಲ್ಲೇಖಗಳ ಸೂಚಿಯನ್ನು ರೂಪಿಸಿದ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಕಾಲರಾ ಸಂಶೋಧನೆಯ ನಕ್ಷೆಯನ್ನು ಬಿಡಿಸಿ, ಅದರಲ್ಲಿ ಡೇ ಅವರ ಸ್ಥಾನವನ್ನು ಎತ್ತಿ ತೋರಿಸಿದರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ನೆನಪಿಗೆ ವಿಶೇಷ ಸಂಚಿಕೆಯನ್ನು ಮೀಸಲಿರಿಸಿತು.

ಡೇ ಅವರ ಬಳಿ ಬೆಲೆಬಾಳುವ ಯಂತ್ರಗಳಿರಲಿಲ್ಲ. ಮೊಲದ ಕರುಳು, ಒಂದು ದಾರ, ನೇರವಾದ ಪ್ರಶ್ನೆ, ಇವಿಷ್ಟೇ ಅವರ ಬಂಡವಾಳ. ಬರೆದ ಪುಟಗಳ ಲೆಕ್ಕದಿಂದ ವಿದ್ವಾಂಸನನ್ನು ಅಳೆಯಲಾಗದು. ಉಲ್ಲೇಖಗಳ ಲೆಕ್ಕವೂ ಕೆಲವೊಮ್ಮೆ ತಡವಾಗಿ ಬರುತ್ತದೆ. ಮನ್ನಣೆಗಾಗಿ ಕಾಯದೆ ಸತ್ಯವನ್ನು ಅರಸಿದ ಶಂಭುನಾಥರ ಬಾಳು ವಿದ್ಯಾರ್ಥಿಗಳಿಗೆ ದಾರಿದೀಪವಾಗಿದೆ.