ಚಿತ್ರಕಾರ ರಾಜಾ ರವಿವರ್ಮರು

ಕಮಲದ ಮೇಲೆ ನಿಂತ ಲಕ್ಷ್ಮಿ, ಶಿಲೆಯ ಮೇಲೆ ಕುಳಿತು ವೀಣೆ ನುಡಿಸುವ ಸರಸ್ವತಿ: ಈ ಪಟಗಳನ್ನು ಕಾಣದವರು ನಮ್ಮಲ್ಲಿ ವಿರಳ. ಅವುಗಳ ಮೂಲವನ್ನು ರಚಿಸಿದ ಮಹನೀಯರು ಆ ವಿದ್ಯೆಯನ್ನು ಎಷ್ಟು ಕಷ್ಟದಿಂದ ಗಳಿಸಿದರೆಂಬುದು ಹಲವರಿಗೆ ತಿಳಿಯದು.

ರವಿವರ್ಮರು 1848ನೆಯ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಬಾಲಕನ ಕೈಚಳಕವನ್ನು ಮೊದಲು ಗುರುತಿಸಿದವರು ಸೋದರಮಾವ ರಾಜರಾಜವರ್ಮರು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರನ್ನು ತಿರುವನಂತಪುರದ ಅರಮನೆಗೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿರಿಸಿದರು. ತೈಲವರ್ಣ ಆಗ ನಮ್ಮ ದೇಶಕ್ಕೆ ಹೊಸತು. ಅದನ್ನು ಬಲ್ಲ ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯಕರು ಕಲಿಸಲೊಪ್ಪಲಿಲ್ಲ. 1868ರಲ್ಲಿ ಬಂದ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಕಲಾವಿದನೂ ತಾನು ಬರೆಯುವುದನ್ನು ನೋಡಲು ಮಾತ್ರ ಅನುಮತಿಯಿತ್ತನು. ವರ್ಮರು ನೋಡಿಯೇ ಕಲಿತರು. ಏಕಲವ್ಯನಿಗಾದರೂ ಮಣ್ಣಿನ ಗುರುಮೂರ್ತಿಯೊಂದಿತ್ತು!

1870ರಲ್ಲಿ ಕೊಲ್ಲೂರಿಗೆ ಬಂದು ಮೂಕಾಂಬಿಕೆಯನ್ನು ಸೇವಿಸಿದರು. ಮೊದಲ ಸಂಭಾವನೆ ದೊರೆತದ್ದು ಹಿಂದಿರುಗುವ ದಾರಿಯಲ್ಲಿ, ಕಲ್ಲಿಕೋಟೆಯಲ್ಲಿ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಸುವರ್ಣ ಪದಕ ಲಭಿಸಿತು.

ನಮ್ಮ ಸಾಂಪ್ರದಾಯಿಕ ಚಿತ್ರಗಳಲ್ಲಿ ಬಂಗಾರದ ರೇಕು, ಸ್ಫುಟವಾದ ರೇಖೆ, ಧ್ಯಾನಶ್ಲೋಕಕ್ಕೆ ಒಪ್ಪುವ ಮೂರ್ತಿ ಪ್ರಧಾನ. ತೈಲವರ್ಣವಾದರೋ ನಿಧಾನವಾಗಿ ಒಣಗುವುದರಿಂದ ನೆರಳು ಬೆಳಕುಗಳನ್ನು ಒಂದರಲ್ಲೊಂದು ಬೆರೆಸಲು ಎಡೆಗೊಡುತ್ತದೆ. ಮೈಯ ಕಾಂತಿ, ರೇಷ್ಮೆಯ ಮಡಿಕೆ, ಕಣ್ಣಂಚಿನ ಸಂಕೋಚ ಇವೆಲ್ಲ ಅದರಿಂದ ಸಾಧ್ಯವಾದವು. ಕಾಲಿಗೆ ದರ್ಭೆ ಚುಚ್ಚಿತೆಂಬ ನೆಪದಿಂದ ಶಕುಂತಲೆ ಹಿಂದಿರುಗಿ ನೋಡಿದ ಸಂಗತಿಯನ್ನು ಕಾಳಿದಾಸನು ಎರಡನೆಯ ಅಂಕದಲ್ಲಿ ದುಷ್ಯಂತನ ಬಾಯಿಂದ ನೆನಪಾಗಿ ಹೇಳಿಸುತ್ತಾನೆ. ಆ ಸಂಗತಿಯನ್ನೇ ಆರಿಸಿ ವರ್ಮರು ನಮ್ಮ ಕಣ್ಣೆದುರಿಗೆ ತಂದರು. ಕಾವ್ಯವನ್ನು ಓದಿ ಸವಿದವನಿಗಲ್ಲದೆ ಈ ಆಯ್ಕೆ ಹೊಳೆಯದು.

ಬರೋಡೆಯ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆಯಿಸಿದಾಗ ಒಂದು ಸಮಸ್ಯೆ ತಲೆದೋರಿತು. ದಮಯಂತಿ, ಸೀತೆ, ದ್ರೌಪದಿಯರಿಗೆ ಯಾವ ಪ್ರಾಂತದ ಉಡುಗೆ? ವರ್ಮರು ತಮ್ಮ ಸಿ. ರಾಜರಾಜವರ್ಮರೊಡನೆ ಉತ್ತರದೇಶವನ್ನು ಸಂಚರಿಸಿ ನೋಡಿ, ಕೊನೆಗೆ ಸೀರೆಯನ್ನೇ ನಿಶ್ಚಯಿಸಿದರು. ಇಂದು ನಮ್ಮ ಮನಸ್ಸಿನಲ್ಲಿರುವ ದೇವಿಯರ ವೇಷಕ್ಕೆ ಆ ನಿರ್ಣಯವೂ ಒಂದು ಕಾರಣ.

ಆ ಚಿತ್ರಗಳನ್ನು ಕಾಣಲು ನೆರೆದ ಜನಸ್ತೋಮವೇ 1894ರ ಮುಂಬಯಿಯ ಕಲ್ಲಚ್ಚಿನ ಮುದ್ರಣಾಲಯಕ್ಕೆ ಪ್ರೇರಣೆಯಾಯಿತೆನ್ನಬಹುದು. ದೇವಾಲಯದ ಹೊಸ್ತಿಲು ದಾಟಲು ಅವಕಾಶವಿಲ್ಲದವರ ಗುಡಿಸಲಿಗೂ ಅಲ್ಲಿನ ಪಟಗಳು ತಲಪಿದವು. ವರ್ಮರಿಗೆ ದಕ್ಕಿದ್ದು ಸಾಲ. ಮುದ್ರಣಾಲಯವನ್ನು ಜರ್ಮನ್ ತಂತ್ರಜ್ಞ ಶ್ಲೈಶರನಿಗೆ ಮಾರಬೇಕಾಯಿತು.

ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು ಈ ಚಿತ್ರಗಳಲ್ಲಿ ನಾಟಕೀಯತೆ ಹೆಚ್ಚು, ದೈವೀ ಗಾಂಭೀರ್ಯ ಕಡಿಮೆ ಎಂದು ಆಕ್ಷೇಪಿಸಿದರು. ಕೆಲವು ಚಿತ್ರಗಳ ಮಟ್ಟಿಗೆ ಅದು ನಿಜವೆಂದೇ ನನ್ನ ಎಣಿಕೆ. ಆದರೆ ಮುದ್ರಣಾಲಯ ಕೈಬಿಟ್ಟ ಮೇಲೆ ಅನ್ಯರು ಬರೆದ ಪಟಗಳ ದೋಷವನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ.

1905ರ ಜನವರಿಯಲ್ಲಿ, ಬಲಗೈಯಂತಿದ್ದ ತಮ್ಮನು ತೀರಿಕೊಂಡನು. ಆ ದುಃಖದ ನಡುವೆಯೂ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪೌರಾಣಿಕ ಚಿತ್ರಗಳನ್ನು ರಚಿಸಿ, 1906ನೆಯ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ವರ್ಮರು ದೇಹಬಿಟ್ಟರು. ಸಮುದ್ರರಾಜನ ಗರ್ವವನ್ನು ಮುರಿಯುವ ಶ್ರೀರಾಮನ ಚಿತ್ರ ಆ ಕೊನೆಯ ಕೃತಿಗಳಲ್ಲೊಂದು. ವಿದ್ಯಾರ್ಥಿಗಳನ್ನು ಮೈಸೂರಿನ ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕ ಮಿತ್ರರು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅದರ ಮುಂದೆ ಒಂದು ಗಳಿಗೆ ನಿಲ್ಲಿಸಬೇಕೆಂದು ನನ್ನ ಬಿನ್ನಹ.