ಅಂಗನವಾಡಿಯ ಚುಕ್ಕೆ ಮತ್ತು ಡಿ ಮೊಯ್ವರ್

ಬಜಗೋಳಿಯ ಅಂಗನವಾಡಿಯಲ್ಲಿ ಮೊಮ್ಮಗಳನ್ನು ತೂಗಿದಾಗ ಚುಕ್ಕೆ ಮೈನಸ್ 2ರ ಗೆರೆಗಿಂತ ತುಸು ಕೆಳಗೆ ಬಿತ್ತು. ಮಗಳ ಮುಖ ಸಪ್ಪಗಾಯ್ತು. ನನಗೆ ನೆನಪಾದದ್ದು ಅಬ್ರಹಾಂ ಡಿ ಮೊಯ್ವರ್. ಪಿಯುಸಿಯಲ್ಲಿ ಅವರ ಪ್ರಮೇಯ ಬಾಯಿಪಾಠ ಮಾಡಿದ್ದೆ, ಬದುಕು ಗೊತ್ತಿರಲಿಲ್ಲ.

1667ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವರು. 1685ರಲ್ಲಿ ರಾಜ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆ ಕಿತ್ತುಕೊಂಡ ಮೇಲೆ ಲಂಡನ್ ಸೇರಿದರು. 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರೂ ಪ್ರಾಧ್ಯಾಪಕ ಹುದ್ದೆ ಸಿಗಲೇ ಇಲ್ಲ. ಮನೆಪಾಠ ಹೇಳಿ, ಕಾಫಿ ಅಂಗಡಿಯಲ್ಲಿ ಜೂಜಿನ ಲೆಕ್ಕ ಬಿಡಿಸಿಕೊಟ್ಟು ಹೊಟ್ಟೆ ಹೊರೆದರು. ಗಂಟೆಯಾಕಾರದ ರೇಖೆಯ ಸೂತ್ರ ಬರೆದದ್ದು 1733ರಲ್ಲಿ, 66ನೇ ವಯಸ್ಸಿಗೆ. ನಾಣ್ಯ 3600 ಸಲ ಚಿಮ್ಮಿದರೆ ಹೆಡ್ 1770ರಿಂದ 1830 ಸಲ ಬೀಳುವ ಸಾಧ್ಯತೆ ಶೇ 68 ಎಂದು ಲೆಕ್ಕ ಹಾಕಿದರು. ಇಲ್ಲಿ 30 ಎಂಬುದು ಒಂದು ಮಾನಕ ವಿಚಲನೆ. ಸರಾಸರಿಯಿಂದ ಅಂಥ ಎಷ್ಟು ವಿಚಲನೆ ದೂರ ಅನ್ನೋದೇ ಝಡ್ ಅಂಕ. 1754ರಲ್ಲಿ ಬಡವರಾಗಿಯೇ ತೀರಿಕೊಂಡರು.

ಅದೇ ರೇಖೆಯ ಪ್ರಕಾರ, ಚೆನ್ನಾಗಿ ಬೆಳೆಯುವ 1000 ಮಕ್ಕಳಲ್ಲೂ ಸುಮಾರು 23 ಮಂದಿ ಮೈನಸ್ 2ರ ಕೆಳಗಿರ್ತಾರೆ. ಹಾಗಾಗಿ ಒಂದು ಚುಕ್ಕೆ ತೀರ್ಪಲ್ಲ. ಡಾಕ್ಟರಿಗೆ ತೋರಿಸಿ, ತಿಂಗಳು ತಿಂಗಳು ತೂಗಿ ನೋಡೋಣ ಅಂದೆ ಮಗಳಿಗೆ. ಆದರೆ ಒಂದೂರಿನ ನೂರು ಮಕ್ಕಳಲ್ಲಿ ಇಪ್ಪತ್ತು ಮಂದಿ ಆ ಗೆರೆಯ ಕೆಳಗಿದ್ದರೆ ಅದನ್ನು ಆಕಸ್ಮಿಕ ಅನ್ನೋ ಹಾಗಿಲ್ಲ. ಆಗ ನೋಡಬೇಕಾದ್ದು ಅವರ ಊಟದ ಬಟ್ಟಲನ್ನು.